ಮೇಲಿನ ಗಾಂಧಾರ ಸಿಕ್ಕಿದ ವರ್ಷ

ಮಂಡ್ಯದ ಗಂಟಲಿನ ಡಾಕ್ಟರು ನನ್ನ ಮೂಗಿನೊಳಗೆ ತೆಳ್ಳಗಿನ ನಳಿಕೆಯೊಂದನ್ನು ಇಳಿಸಿ, ಪಕ್ಕದ ಪರದೆಯಲ್ಲಿ ನನ್ನದೇ ಗಂಟಲನ್ನು ನನಗೆ ತೋರಿಸಿದರು. ಎರಡು ಬಿಳಿ ಪಟ್ಟಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಎರಡರ ಅಂಚಿನಲ್ಲೂ ಎದುರುಬದುರಾಗಿ ಒಂದೊಂದು ಪುಟ್ಟ ಗಂಟು, ಸಾಸಿವೆ ಕಾಳಿನಷ್ಟು. ಅದರಿಂದಾಗಿ ಪಟ್ಟಿಗಳು ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ, ನಡುವೆ ಗಾಳಿ ಸೋರುತ್ತಿದೆ ಎಂದರು. ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡ ಶಿವಣ್ಣ, "ಅದೇನಾ ಸಾ? ಕ್ಯಾನ್ಸರ್ರಾ?" ಎಂದು ಕೇಳಿಯೇಬಿಟ್ಟರು. ಅದಲ್ಲ ಎಂದು ಡಾಕ್ಟರು ತಲೆಯಾಡಿಸಿದರು. ನಾನು ಕೇಳಿದ್ದು ಬೇರೆ. "ಬರೋ ತಿಂಗ್ಳು ಆರಾಧನೇಲಿ ವರ್ಣ ಹೇಳ್ಬೇಕು ಸಾರ್. ಹೇಳ್ಬೌದಾ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೂರು ವಾರ ನೀವು ಮಾತೇ ಆಡೋ ಹಾಗಿಲ್ಲ. ಪಿಸುಮಾತೂ ಇಲ್ಲ. ಆಮೇಲೆ ವರ್ಷವಾಗುತ್ತೋ ಎಷ್ಟಾಗುತ್ತೋ, ಹಾಡೋ ದನಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ" ಎಂದರು.

ನಾನು ಬಸ್ ಕಂಡಕ್ಟರ್. ಹನ್ನೊಂದು ವರ್ಷದಿಂದ ಮಳವಳ್ಳಿ, ಮದ್ದೂರು, ಮಂಡ್ಯ, ಮತ್ತೆ ಮಂಡ್ಯ, ಮದ್ದೂರು, ಮಳವಳ್ಳಿ. ಈ ಗಂಟಲೇ ನನ್ನ ಅನ್ನ. ಆದರೆ ಆ ಕುರ್ಚಿಯಲ್ಲಿ ಕೂತಾಗ ಅನ್ನದ ಯೋಚನೆ ಬರಲಿಲ್ಲ. ಕಲಿತ ಸಂಗೀತ ಹೋಯಿತಲ್ಲ ಎಂಬ ಒಂದೇ ಸಂಕಟ. ಈಗ ಗಂಟುಗಳು ಕರಗಿವೆ, ದನಿ ಒಂದು ಮಟ್ಟಿಗೆ ಬಂದಿದೆ. ಗಂಟಲು ಕಟ್ಟಿ ತಿಂಗಳುಗಟ್ಟಲೆ ಕಷಾಯ ಕುಡಿಯುತ್ತ, ಎಲ್ಲ ಸರಿಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿರುವವರು ಯಾರಾದರೂ ಇದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ನನಗೆ ಹಾಗೆ ಹೇಳಿದ್ದು ನಾನೊಬ್ಬಳೇ ಅಲ್ಲ. ಕತೆ ಇರುವುದೇ ಅಲ್ಲಿ.

ಏಳು ವರ್ಷದ ಹಿಂದೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನಾನು ಬಾಗಿಲಲ್ಲಿ ನಿಂತು ಮಂಡ್ಯ ಮಂಡ್ಯ ಎಂದು ಕರೆಯುತ್ತಿದ್ದಾಗ, ಹತ್ತಿದ ಹೆಂಗಸೊಬ್ಬರು ಟಿಕೆಟ್ ತೆಗೆದುಕೊಳ್ಳುತ್ತ, "ನಿನ್ನ ಕೂಗು ಶ್ರುತೀಲಿದೆಯಲ್ಲಮ್ಮ. ಹಾಡು ಕಲಿತಿದೀಯಾ?" ಎಂದರು. ಅವರು ವಿಶಾಲಾಕ್ಷಿ ಟೀಚರ್. ಮದ್ದೂರಿನಲ್ಲಿ ಬಹಳ ವರ್ಷದಿಂದ ಸಂಗೀತ ಹೇಳಿಕೊಡುವವರು. ಬಂಡೂರಿನಲ್ಲಿ ಕುರಿ ಮೇಯಿಸಿ ಬೆಳೆದ ನನಗೆ ಅದುವರೆಗೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ವಾರದ ರಜೆಯ ದಿನ ಅವರ ಮುಂದೆ ಚಾಪೆ ಹಾಸಿ ಸರಳೆ ವರಸೆಗೆ ಕೂತೆ. ನಮ್ಮ ಡಿಪೋದವರು ನಕ್ಕಿದ್ದಕ್ಕೆ ಲೆಕ್ಕವಿಲ್ಲ.

ವರ್ಣಕ್ಕೆ ಬರುವ ಹೊತ್ತಿಗೆ ಮೂರು ವರ್ಷವಾಗಿತ್ತು. ಮೋಹನ ರಾಗದ ವರ್ಣ. ಅದರಲ್ಲಿ ಒಂದು ಕಡೆ ಮೇಲಿನ ಷಡ್ಜ ದಾಟಿ, ರಿಷಭ ದಾಟಿ, ಗಾಂಧಾರಕ್ಕೆ ಹೋಗಿ ನಿಲ್ಲಬೇಕು. ರಿಷಭದವರೆಗೆ ಆರಾಮಾಗಿ ಹೋಗುತ್ತಿದ್ದೆ. ಗಾಂಧಾರ ಮಾತ್ರ ಬರುತ್ತಿರಲಿಲ್ಲ. ಕೊರಳ ನರ ಉಬ್ಬಿಸಿ ಏನೆಲ್ಲ ಮಾಡಿದರೂ ಕೆಳಗೇ ಉಳಿಯುತ್ತಿತ್ತು. ನಾನು ಮುಂದೆ ಹೋಗುತ್ತಿದ್ದೇನೋ ನಿಂತಲ್ಲೇ ನಿಂತಿದ್ದೇನೋ ತಿಳಿಯದೆ ಒಂದು ದಿನ ಅತ್ತೂಬಿಟ್ಟೆ. ಆಗ ಟೀಚರ್ ಒಂದು ದಾರಿ ಹೇಳಿದರು. "ತಿಂಗಳಿಗೊಂದು ಸಲ ಇದೇ ವರ್ಣ ಮೊಬೈಲಲ್ಲಿ ಹಿಡಿದಿಟ್ಕೋ. ಹೋದ ವರ್ಷ ಬರದೇ ಇದ್ದಿದ್ದು ಈ ವರ್ಷ ಬಂತಾ ನೋಡ್ಕೋ. ಅಷ್ಟೇ ಪ್ರಗತಿ, ಇನ್ನೇನಿಲ್ಲ."

ಹಾಗೇ ಮಾಡಿದೆ. ಒಂದು ವರ್ಷದ ಮೇಲೆ ಗಾಂಧಾರದ ಅಂಚು ಕೈಗೆ ಸಿಕ್ಕಿತು. ಇನ್ನೊಂದು ವರ್ಷಕ್ಕೆ ನಿಲ್ಲತೊಡಗಿತು. ಕಳೆದ ವರ್ಷ ಪೂರ್ತಿಯಾಗಿ, ನಡುಗದೆ ನಿಂತಿತು. ಟೀಚರ್ ನನ್ನ ತಲೆಯ ಮೇಲೆ ಕೈಯಿಟ್ಟು, "ಸಿಕ್ತು ನೋಡು ರತ್ನ!" ಎಂದರು. ಮಾರನೆಯ ದಿನ ಡಿಪೋದಲ್ಲಿ ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚಿದೆ. "ಮಗೀಗ್ ಮದ್ವೆ ಗೊತ್ತಾಯ್ತಾ?" ಎಂದು ಮೆಕ್ಯಾನಿಕ್ ಒಬ್ಬರು ಕೇಳಿದರು. "ಗಾಂಧಾರ ಸಿಕ್ತು" ಎಂದೆ. "ಯಾವ್ ಊರು ಅದು?" ಎಂದರು.

ದನಿ ಒಡೆದದ್ದೂ ಅದೇ ವರ್ಷ. ಮೊದಲು ಸಂಜೆಯ ಟ್ರಿಪ್ಪಿಗೆ ಕರಕರ ಎನ್ನುತ್ತಿತ್ತು. ಆಮೇಲೆ ಬೆಳಗಿನಿಂದಲೇ. ಜ್ಯೇಷ್ಠಮಧು ಅಗಿದೆ, ಕಾಳುಮೆಣಸಿನ ಕಷಾಯ ಕುಡಿದೆ, ಮೆಡಿಕಲ್ ಸ್ಟೋರಿನವನು ಕೊಟ್ಟ ಚಪ್ಪರಿಸುವ ಮಾತ್ರೆಯನ್ನೆಲ್ಲ ಮುಗಿಸಿದೆ. ಟೀಚರಿಗೆ ಹೇಳಿದಾಗ, "ಗಂಟಲು ಒಡೆದು ಕೂಡಿದ್ರೇನೇ ನಾದ ಬರೋದು. ನಮ್ಮ ಗುರುಗಳು ನಮಗೂ ಹೀಗೇ ಹೇಳ್ತಿದ್ರು. ಇನ್ನೂ ಒತ್ತಿ ಹಾಡು" ಎಂದರು. ಒತ್ತಿ ಹಾಡಿದೆ. ಕೆಳಗಿನ ಸ್ವರಗಳು ಮುಂಚೆಗಿಂತ ಗಂಭೀರವಾಗಿ ಬರುತ್ತಿದ್ದವು. ಅದನ್ನೂ ಪ್ರಗತಿಯ ಲೆಕ್ಕಕ್ಕೇ ಸೇರಿಸಿಕೊಂಡೆ. ಹತ್ತು ತಿಂಗಳು ಹಾಗೆ ಕಳೆದೆ.

ಡಾಕ್ಟರ ಕೋಣೆಯಿಂದ ಹೊರಗೆ ಬಂದು ಔಷಧಿ ಚೀಟಿಗೆ ಕಾಯುತ್ತ ಬೆಂಚಿನ ಮೇಲೆ ಕೂತಾಗ ಪಕ್ಕದಲ್ಲಿ ಕಿರುಗಾವಲಿನ ಹೆಂಗಸೊಬ್ಬರಿದ್ದರು. ಸಂತೆಯಲ್ಲಿ ಸೊಪ್ಪು ಕೂಗಿ ಮಾರುವವರು. ಅವರಿಗೂ ಇದೇ ಗಂಟು. ಗಂಡ ನನ್ನ ವಿಷಯ ಹೇಳಿದ ಕೂಡಲೇ ಆಕೆ ಕಣ್ಣರಳಿಸಿ, "ನಾನೇನೋ ಸೊಪ್ಪು ಸೊಪ್ಪು ಅಂತ ಅರಚ್ಕಂಡು ತಂದ್ಕಂಡೆ ಕಣಣ್ಣ. ಸಂಗೀತ ಕಲ್ತೋರ್ಗೂ ಬತ್ತದಾ ಇದು?" ಎಂದು ಕೇಳಿದರು. ನನಗೆ ಮಾತಾಡುವ ಹಾಗಿರಲಿಲ್ಲ. ಆಕೆ ತಮ್ಮ ಚೀಲದಿಂದ ಬಿಸಿನೀರಿನ ಬಾಟಲಿ ತೆಗೆದು ನನಗೊಂದು ಲೋಟ ಬಗ್ಗಿಸಿ ಕೊಟ್ಟರು. ಆ ದಿನ ನನಗೆ ಸಿಕ್ಕ ಒಳ್ಳೆಯದು ಅದೊಂದೇ.

ಮೂರು ವಾರದ ಮೌನ ಶುರುವಾಯಿತು. ಗಂಡ ಮಳವಳ್ಳಿ ಪೇಟೆಯಿಂದ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದರು. ನಮ್ಮ ಅತ್ತೆಗೆ ಓದಲು ಬರುವುದಿಲ್ಲ. ನಾನು ಬರೆದು ಹಿಡಿದರೆ ಅವರು ಸ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಲ್ಲಿ ನನ್ ಬಯ್ದಿದೀಯೋ ಒಗಳಿದೀಯೋ ಯಾವನಿಗ್ ಗೊತ್ತು" ಎನ್ನುತ್ತಿದ್ದರು. ಆಮೇಲೆ ಅವರೇ ಒಂದು ಉಪಾಯ ಮಾಡಿದರು. ಒಂದು ಚಪ್ಪಾಳೆ ಹೊಡೆದರೆ ಹೂಂ, ಎರಡಾದರೆ ಉಹೂಂ, ಮೂರಾದರೆ ಕಾಫಿ. ಆ ಮೂರು ವಾರ ಅವರು ನನ್ನ ಜತೆ ಒಂದು ಸಲವೂ ಜಗಳ ತೆಗೆಯಲಿಲ್ಲ. ಉತ್ತರ ಕೊಡಲಾಗದವಳ ಜತೆ ಜಗಳವಾಡಿದರೆ ಏನು ರುಚಿ ಎಂದು ಪಕ್ಕದ ಮನೆಯವರ ಹತ್ತಿರ ಹೇಳಿದರಂತೆ.

ಎರಡನೆಯ ವಾರ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಿದ್ದ ಗಂಡನ ಮುಂದೆ ಸ್ಲೇಟು ಹಿಡಿದೆ. "ನನ್ನ ದನಿ ಕೆಟ್ಟಿರೋದು ನಿಮಗೆ ಗೊತ್ತಿತ್ತಾ?" ಅವರು ಕತ್ತಿಯನ್ನು ಪಕ್ಕಕ್ಕಿಟ್ಟರು. ಸುಳ್ಳು ಹೇಳಲು ಬರದ ಮನುಷ್ಯ.

"ಗೊತ್ತಿತ್ತು ಕಣೆ. ವರ್ಸದ್ ಮೇಲಾಯ್ತು. ಒಡ್ದ್ ಮಡ್ಕೆ ತರ ಕೇಳ್ತಿತ್ತು. ನೀನ್ ನೋಡುದ್ರೆ ಸಿಕ್ತು ಸಿಕ್ತು ಅಂತ ಕುಣೀತಿದ್ದೆ. ಯಾಕ್ ಮುರೀಬೇಕು ಅಂತ ಸುಮ್ಕಾದೆ."

ನನಗೆ ಕಿರುಚಬೇಕಿತ್ತು. ಕಿರುಚಬಾರದು. ಸ್ಲೇಟಿನ ಮೇಲೆ ಬರೆಯಲು ಹೋದರೆ ಬಳಪ ಮುರಿಯಿತು. ಕೊನೆಗೆ ಸೊಪ್ಪಿನ ಬುಟ್ಟಿಯನ್ನು ಅವರ ತಲೆಯ ಮೇಲೆ ಬೋರಲು ಹಾಕಿ ಎದ್ದು ಹೋದೆ. ಅವರು ಬಿದ್ದ ಸೊಪ್ಪನ್ನು ಆರಿಸಿಕೊಂಡು ಹುಳುವಿಗೆ ಹಾಕಿದರು. ಆ ಸಿಟ್ಟು ಇಳಿಯಲು ನನಗೆ ಬಹಳ ದಿನ ಹಿಡಿಯಿತು.

ಅದೇ ವಾರ ಟೀಚರ್ ಫೋನ್ ಮಾಡಿದರು. ಗಂಡ ಸ್ಪೀಕರಿಗೆ ಹಾಕಿದರು. "ಬಸ್ಸಲ್ಲಿ ಕೂಗೀ ಕೂಗೀ ಹೀಗಾಗಿದೆ ನೋಡಿ. ನಾನು ಅವಳಿಗೆ ಆವಾಗ್ಲೇ ಹೇಳಿದ್ದೆ, ದನಿ ಜೋಪಾನ ಅಂತ" ಎಂದರು. ಅವರು ಅಂಥದ್ದೇನೂ ಹೇಳಿರಲಿಲ್ಲ. ಆದರೂ ಆಗ ನಾನು ನಂಬಿದೆ. ಹೇಳಿರಬೇಕು, ನಾನೇ ಕಿವಿಗೆ ಹಾಕಿಕೊಂಡಿಲ್ಲ ಎಂದುಕೊಂಡೆ. ಮನೆಯವರನ್ನು ಅನುಮಾನಿಸಿದವಳು ಗುರುವನ್ನು ಅನುಮಾನಿಸಲಿಲ್ಲ.

ಮೌನ ಮುಗಿದ ಮೇಲೆ ಡಾಕ್ಟರು ಮಂಡ್ಯದಲ್ಲೇ ದನಿಯ ತರಬೇತಿ ಕೊಡುವವರ ಹತ್ತಿರ ಕಳಿಸಿದರು. ಸಬೀಹಾ ಎಂದು ಅವರ ಹೆಸರು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಅವರ ತಂದೆ ಮಂಡ್ಯದಲ್ಲಿ ಗಾಡಿ ರಿಪೇರಿ ಮಾಡುವವರು. "ಅಬ್ಬಾ ಇಂಜಿನ್ ಸೌಂಡ್ ಕೇಳೇ ರೋಗ ಹೇಳ್ತಾರೆ, ನಾನೂ ಅದೇ ಕೆಲ್ಸ ಮಾಡ್ತೀನಿ ಅಕ್ಕ" ಎಂದು ಮೊದಲ ದಿನವೇ ನಗಿಸಿದರು. ತುಟಿ ಮುಚ್ಚಿ ಒಂದೇ ಒಂದು "ಮ್" ಎನ್ನಿಸಿದರು. ಮೂರು ವಾರದ ಮೇಲೆ ಹೊರಟ ನನ್ನ ಮೊದಲ ದನಿ. ಎಷ್ಟು ಸಣ್ಣಗಿತ್ತೆಂದರೆ ನನಗೇ ನಾಚಿಕೆಯಾಯಿತು, ಅಳುವೂ ಬಂತು. ಅವರು ನೀರು ಕೊಟ್ಟು ಕಾದರು.

ಮುಂಚೆ ದನಿ ಹೇಗಿತ್ತೆಂದು ತಿಳಿಯಲು ಹಳೆಯ ರೆಕಾರ್ಡಿಂಗ್ ಏನಾದರೂ ಇದೆಯಾ ಎಂದು ಕೇಳಿದರು. ಇಲ್ಲದೆ ಏನು! ಹೆಮ್ಮೆಯಿಂದ ಮೊಬೈಲ್ ತೆಗೆದೆ. ವರ್ಣ ಕಲಿತ ಮೊದಲ ವರ್ಷದ್ದು ಕೇಳಿಸಿದೆ, ಗಾಂಧಾರ ಬಾರದ್ದು. ಆಮೇಲೆ ಕಳೆದ ವರ್ಷದ್ದು, ಗಾಂಧಾರ ಸಿಕ್ಕಿದ್ದು. ಸಬೀಹಾ ಎರಡನ್ನೂ ತಮ್ಮ ಕಂಪ್ಯೂಟರಿಗೆ ಹಾಕಿದರು. ನಡುವಿನ ಎರಡು ವರ್ಷಗಳಿಂದಲೂ ಒಂದೊಂದನ್ನು ಕೇಳಿ ಹಾಕಿಸಿಕೊಂಡರು. ನಾಲ್ಕನ್ನೂ ಮತ್ತೆ ಮತ್ತೆ ಹಾಕಿ ಕೇಳಿದರು.

"ಅಕ್ಕ, ಹಿಂದೆ ಗುಂಯ್ ಅಂತಿದೆಯಲ್ಲ, ಶ್ರುತಿಪೆಟ್ಟಿಗೆ, ಅದನ್ನ ಇಡೋದು ಯಾರು?"

"ನಮ್ ಟೀಚರ್. ಅದನ್ನ ನಾವು ಮುಟ್ಟೋ ಹಾಗಿಲ್ಲ."

"ಮನೇಲಿ ಅಭ್ಯಾಸ ಮಾಡುವಾಗ?"

"ಕ್ಲಾಸಲ್ಲಿ ಹಿಡ್ಕೊಂಡಿರೋದೇ ಹಾಕ್ಕೋತೀನಿ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ನಾಲ್ಕು ಗೆರೆಗಳು, ಒಂದಕ್ಕಿಂತ ಒಂದು ಕೆಳಗೆ. ನನ್ನ ಶ್ರುತಿ ಐದೂವರೆ ಎಂದು ಟೀಚರ್ ಮೊದಲೇ ಗೊತ್ತು ಮಾಡಿದ್ದರು; ಅಂಕಿ ಇಳಿದಷ್ಟೂ ಶ್ರುತಿ ತಗ್ಗು. ಮೊದಲ ರೆಕಾರ್ಡಿಂಗ್ ಐದೂವರೆಯಲ್ಲೇ ಇತ್ತು. ಮುಂದಿನದು ಐದು. ಅದರ ಮುಂದಿನದು ನಾಲ್ಕೂವರೆ. ಗಾಂಧಾರ ಸಿಕ್ಕಿದ್ದು ನಾಲ್ಕರಲ್ಲಿ. ನಾನು ಮೇಲೆ ಹತ್ತಿರಲಿಲ್ಲ. ನಾನು ನಿಂತಿದ್ದ ನೆಲವನ್ನೇ ಯಾರೋ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಇಳಿಸಿದ್ದರು.

"ಇನ್ನೊಂದು ಹೇಳ್ಲಾ, ಬೇಜಾರಾಗ್ಬೇಡಿ" ಎಂದರು ಸಬೀಹಾ. "ಮೊದಲನೇ ವರ್ಷ ಆರಾಮಾಗಿ ಹಾಡಿದೀರಲ್ಲ ರಿಷಭ, ಅದು ಈ ಗಾಂಧಾರಕ್ಕಿಂತ ಎತ್ತರದಲ್ಲಿದೆ."

ನಾನು ಕೊಬ್ಬರಿ ಮಿಠಾಯಿ ಹಂಚಿದ್ದು ಅದಕ್ಕೆ. ಗಂಟು ಬಂದದ್ದು ಹೊಂದದ ಶ್ರುತಿಯಲ್ಲಿ ಒತ್ತಿ ಹಾಡಿದ್ದಕ್ಕೋ ಬಸ್ಸಿನಲ್ಲಿ ಕೂಗಿದ್ದಕ್ಕೋ ಎಂದು ಕೇಳಿದೆ. ಎರಡೂ ಇರುತ್ತದೆ, ಯಾವುದು ಎಷ್ಟೆಂದು ಹೇಳಲಾಗುವುದಿಲ್ಲ ಎಂದರು. ಬಸ್ಸಿನದು ನನಗೆ ಗೊತ್ತಿದ್ದ ಅಪಾಯ. ಹಾಡುವಾಗ ಮಾತ್ರ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ವಾಪಸ್ ಬರುವ ಬಸ್ಸಿನಲ್ಲಿ ಮದ್ದೂರು ದಾಟಿ ಮಳವಳ್ಳಿ ಬರುವವರೆಗೆ ಕಿಟಕಿಗೆ ಮುಖ ಮಾಡಿಕೊಂಡು ಕೂತಿದ್ದೆ. ಆ ಬಸ್ಸಿನ ಕಂಡಕ್ಟರ್ ನನ್ನ ಜತೆಯವಳೇ, ಒಂದೂ ಮಾತು ಕೇಳದೆ ಪಕ್ಕದ ಸೀಟಿಗೆ ಯಾರನ್ನೂ ಕೂರಿಸದೆ ಕರೆದುಕೊಂಡು ಬಂದಳು.

ಮುಂದಿನ ಏಳು ತಿಂಗಳು ಸಬೀಹಾ ನನ್ನಿಂದ ಹಾಡಿಸಿದ್ದಕ್ಕಿಂತ ಕೇಳಿಸಿದ್ದೇ ಹೆಚ್ಚು. ಪುಟ್ಟ ಕೀಬೋರ್ಡಿನಲ್ಲಿ ಎರಡು ಸ್ವರ ಒತ್ತುವರು. ಯಾವುದು ಮೇಲಿನದು? ಒಂದು ಸ್ವರ ಒತ್ತಿ ಅದಕ್ಕೇ ಕೂದಲೆಳೆಯಷ್ಟು ಕಡಿಮೆ ಮಾಡಿದ್ದನ್ನು ಒತ್ತುವರು. ಎರಡೂ ಒಂದೇನಾ? ಮೊದಮೊದಲು ನಾನು ಹೇಳಿದ್ದೆಲ್ಲ ತಪ್ಪು. ಆರು ವರ್ಷ ಸಂಗೀತ ಕಲಿತವಳಿಗೆ ಸ್ವರ ಜಾರಿದ್ದು ತಿಳಿಯುತ್ತಿರಲಿಲ್ಲ. ಟೀಚರ್ ಇದನ್ನು ಒಂದು ದಿನವೂ ಮಾಡಿಸಿರಲಿಲ್ಲ, "ನನ್ನ ಹಿಂದೆ ಹೇಳು" ಎನ್ನುವುದಷ್ಟೇ. ಗಂಟಲಿನ ಕಾರಣಕ್ಕೆ ಸಾರಿಗೆಯವರು ನನಗೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಊಟದ ಹೊತ್ತಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅದನ್ನೇ ಕೇಳುತ್ತಿದ್ದೆ. ಮತ್ತೆ ಬಸ್ಸಿಗೆ ಹೋದ ದಿನ ಕೊರಳಿಗೆ ವಿಷಲ್ ಹಾಕಿಕೊಂಡು ಹೋದೆ. ದಿನಾ ಬರುವ ಹೂವಿನ ಮಾದಮ್ಮ ನನ್ನ ಮೊಗ ನೋಡಿ, ತಾನೇ ಬಾಗಿಲಲ್ಲಿ ನಿಂತು, "ಮದ್ದೂರ್ರೀ ಮದ್ದೂರು, ಬೇಗ್ ಅತ್ತ್ರಲಾ, ನಮ್ ಕಂಡಾಕ್ಟ್ರಮ್ಮಂಗೆ ಉಸಾರಿಲ್ಲ!" ಎಂದು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು. ನಾನು ನಕ್ಕೆ, ಜೋರಾಗಿ ನಗದ ಹಾಗೆ.

ಗಂಟು ಕರಗಿದೆ ಎಂದು ಡಾಕ್ಟರು ಹೇಳಿದ ವಾರ, ರಜೆಯ ಮಧ್ಯಾಹ್ನ, ಮದ್ದೂರಿಗೆ ಹೋದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡಿದ್ದೆ. ಟೀಚರ್ ಬಾಗಿಲು ತೆಗೆದು, "ಬಾಮ್ಮಾ ರತ್ನ, ಸೊರಗಿ ಹೋಗಿದೀಯಲ್ಲ!" ಎಂದು ಕೈ ಹಿಡಿದುಕೊಂಡರು. ಆ ಕೈ ಇನ್ನೂ ಬೆಚ್ಚಗೇ ಇತ್ತು, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ಚಾಪೆಯ ಮೇಲೆ ಕೂರದೆ ಕೇಳಿದೆ.

"ಶ್ರುತಿ ಯಾಕೆ ಇಳಿಸ್ತಾ ಬಂದ್ರಿ ಟೀಚರ್?"

ಅವರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ನಿನ್ನ ಅನುಕೂಲಕ್ಕೆ ಕಣಮ್ಮ. ನಿನಗೆ ಮೇಲೆ ಸಿಕ್ತಿರಲಿಲ್ಲವಲ್ಲ."

"ಇಳಿಸಿದೀನಿ ಅಂತ ಹೇಳ್ಬೌದಿತ್ತು. ಸಿಕ್ತು ಅಂತ ತಲೆ ಮೇಲೆ ಕೈ ಯಾಕಿಟ್ರಿ?"

"ಉತ್ಸಾಹ ಬರಲಿ ಅಂತ. ಅದೇನು ದೊಡ್ಡ ವಿಷಯವಾ? ಕೂತ್ಕೋ. ಎಷ್ಟು ತಿಂಗಳಾಯ್ತು ನೀನು ಕೂತು. ಕೇಳು." ಅವರು ಶ್ರುತಿಪೆಟ್ಟಿಗೆ ಹಾಕಿ, ಕಣ್ಣು ಮುಚ್ಚಿ, ಯಾವಾಗಲೂ ಮಾಡುವ ಹಾಗೆ ತಾವೇ ವರ್ಣದ ಆ ಸಾಲು ಎತ್ತಿದರು.

ಷಡ್ಜ ಸರಿಯಾಗಿತ್ತು. ರಿಷಭದ ಮೇಲೆ ಗಾಳಿ ಸೋರಿತು. ಗಾಂಧಾರ ಕೆಳಗಿತ್ತು. ಇಷ್ಟು ವರ್ಷ ನನ್ನ ಕಿವಿಗೆ ದೇವರ ಹಾಡಾಗಿದ್ದ ಆ ದನಿಯಲ್ಲಿ, ಅದೂ ನಾಲ್ಕರ ಶ್ರುತಿಯಲ್ಲಿ, ಗಾಂಧಾರ ಕೆಳಗಿತ್ತು. ಆಗ ಅರ್ಥವಾಯಿತು. ಇಳಿಸಿದ್ದು ನನಗಾಗಿ ಅಲ್ಲವೇ ಅಲ್ಲ. ಅವರ ದನಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು, ಅದರ ಜತೆ ನನ್ನನ್ನೂ ಇಳಿಸಿಕೊಂಡು ಹೋಗಿದ್ದರು. ನನಗೆ ಪ್ರಗತಿ ಎಂದು ಹೇಳಿದ್ದು ಅವರ ಮುಪ್ಪನ್ನು.

"ಟೀಚರ್, ನಿಮ್ಮ ಗಾಂಧಾರ ನಿಲ್ತಾ ಇಲ್ಲ" ಎಂದೆ.

ಅವರು ಕಣ್ಣು ತೆರೆದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಮತ್ತೊಂದು ಸಲ ಎತ್ತಿದರು, ಈ ಸಲ ನನ್ನನ್ನೇ ನೋಡುತ್ತ. ನಾನು ತಲೆಯಾಡಿಸಿದೆ, ಇಲ್ಲ ಎಂದು.

"ಯಾವಾಗಿಂದ ಕೇಳಿಸ್ತಿದೆ ನಿನಗೆ?"

"ಇವತ್ತಿಂದ."

ಅವರು ಸೆರಗಿನ ಅಂಚು ಮಡಚತೊಡಗಿದರು. "ನಿನಗೆ ಒಳ್ಳೇ ಕಿವಿಯಿದೆ ಅಂತ ಬಸ್ಸಲ್ಲೇ ಗೊತ್ತಾಗಿತ್ತು ನನಗೆ" ಎಂದರು. "ಸ್ವರ ಗುರುತು ಹಿಡಿಯೋದು ಹೇಳಿಕೊಟ್ಟಿದ್ರೆ ಒಂದೇ ವರ್ಷಕ್ಕೆ ನೀನು ನನ್ನ ತಪ್ಪು ಹಿಡಿದುಬಿಡ್ತಿದ್ದೆ. ಅದಕ್ಕೇ ಹೇಳಿಕೊಡಲಿಲ್ಲ ರತ್ನ. ಗಂಟಲಿಗೆ ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ, ದೇವರಾಣೆಗೂ."

ಗಂಟಲಿನ ವಿಷಯ ನಂಬಿದೆ. ಆದರೆ ನನಗೆ ಗಂಟಲಿಗಿಂತ ಹೆಚ್ಚು ಉರಿದದ್ದು ಮೊದಲ ಮಾತಿಗೆ. ಇದ್ದ ಕಿವಿಯನ್ನು ಗೊತ್ತಿದ್ದೂ ಗೊತ್ತಿದ್ದೂ ಆರು ವರ್ಷ ಮುಚ್ಚಿಟ್ಟಿದ್ದರು. ಸಬೀಹಾರ ಫೋನ್ ನಂಬರ್ ಬರೆದಿದ್ದ ಚೀಟಿಯನ್ನು ಅವರ ಮುಂದಿಟ್ಟೆ. ನಿಮ್ಮ ಗಂಟಲನ್ನೂ ಒಂದು ಸಲ ತೋರಿಸಿ ಎಂದೆ. ಅವರು ಮುಟ್ಟಲಿಲ್ಲ. ಹೊರಡುವಾಗ ಅವರ ಕಾಲು ಮುಟ್ಟದೆ ಹೊರಟದ್ದು ಅದೇ ಮೊದಲು. ಹಾಗೆ ಮಾಡಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ, ಸಮಾಧಾನವೂ ಇಲ್ಲ.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗೆ ಅವರು ಒಬ್ಬರೇ ಆ ಸಾಲನ್ನು ಮತ್ತೆ ಎತ್ತಿದರು. ಷಡ್ಜ, ರಿಷಭ, ಗಾಂಧಾರ. ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನಿಂತು ಕೇಳಿದೆ. ಇನ್ನೂ ಕೆಳಗೇ ಇತ್ತು. ಹೌದೋ ಅಲ್ಲವೋ ಎಂದು ನಾನು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.